ಹಗೇವಿನ ಬಾಯಿ, ಬಾಂಬರಿನ ಹೊಟ್ಟೆ

ಮೊದಲೇ ಹೇಳಿಬಿಡುತ್ತೇನೆ, ಓದುವ ಮಹಾಶಯರೇ. ಪ್ರೀತಿ ಮಾಡುವುದನ್ನು ಕಲಿಯಬೇಕೆಂದರೆ ಬೇರೆಲ್ಲಿಗೂ ಹೋಗಬೇಡಿ, ಸೀದಾ ಬೆಟಗೇರಿಗೆ ಬಂದು ತಿರಕಪ್ಪನ ಮನೆ ಯಾವುದು ಎಂದು ಕೇಳಿ. ಗದಗಿನಿಂದ ಶಿರಹಟ್ಟಿಯವರೆಗೆ, ಲಕ್ಷ್ಮೇಶ್ವರದಿಂದ ಮುಂಡರಗಿಯವರೆಗೆ ನನ್ನಷ್ಟು ಚೆಂದ ಡೈಲಾಗು ಹೊಡೆಯುವವನು ಇನ್ನೊಬ್ಬನಿಲ್ಲ. ಹಿಂದಿ ಇರಲಿ, ಮರಾಠಿ ಇರಲಿ, ಕನ್ನಡ ಇರಲಿ, ಪಿಕ್ಚರು ಬಂದ ಮರುದಿನ ಪರದೆಯ ಮೇಲೆ ಹೀರೋ ಬಾಯಿ ತೆರೆಯುವ ಮೊದಲೇ ಅವನ ಮಾತು ನನ್ನ ಬಾಯಲ್ಲಿ ಇರುತ್ತಿತ್ತು. ಖಳನಾಯಕನ ನಗು ಬೇಕೆಂದರೆ ಅದನ್ನೂ ಕೊಡುತ್ತೇನೆ.

ಇನ್ನೊಂದು ವಿದ್ಯೆಯೂ ನನ್ನಲ್ಲಿದೆ. ಯುದ್ಧದ ವಿಮಾನಗಳನ್ನು ಅಳತೆಗೆ ಸರಿಯಾಗಿ ಕಟ್ಟಿಗೆಯಲ್ಲಿ ಮಾಡುತ್ತೇನೆ. ಆಟಿಕೆ ಸಾಮಾನಲ್ಲ. ಆರು ಅಡಿಗೆ ಒಂದು ಇಂಚಿನ ಲೆಕ್ಕ. ರೆಕ್ಕೆ ಒಂದು ಕೂದಲೆಳೆ ಸೊಟ್ಟಗಾದರೆ ಒಡೆದು ಒಲೆಗೆ ಹಾಕುತ್ತೇನೆ. ಈ ಎರಡು ವಿದ್ಯೆ ಕೂಡಿಸಿ ನಾನು ಹಮ್ಮಿಗಿಯ ಸಾವಕ್ಕನನ್ನು ಗೆದ್ದೆ. ಹೇಗೆ ಎಂಬುದನ್ನು ಕೇಳಿ.

ಐವತ್ತಾರನೆಯ ಇಸವಿ. ಮಳೆ ನಿಂತು ನೆಲ ಒಣಗಿತ್ತು. ನಾನು ಒಂದು ಟೂರಿಂಗ್ ಟಾಕೀಸಿನಲ್ಲಿ ಬಡಿಗನಾಗಿದ್ದೆ. ಬೆಂಚು ಮುರಿದರೆ ಕೂಡಿಸುವುದು, ಬೋರ್ಡು ಬರೆಯುವುದು, ತಂಬು ಹರಿದರೆ ಹೊಲಿಯುವುದು ನನ್ನ ಕೆಲಸ. ಆ ವರ್ಷ ತಂಬು ಮುಂಡರಗಿಗೆ ಬಂದಿತ್ತು. ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಸುದ್ದಿ. ನವೆಂಬರ್ ಒಂದನೇ ತಾರೀಖಿಗೆ ನಾವು ಮುಂಬಯಿ ರಾಜ್ಯ ಬಿಟ್ಟು ಕನ್ನಡದವರೆಲ್ಲ ಒಂದಾಗುತ್ತೇವೆ, ಗದಗಿನಲ್ಲಿ ದೊಡ್ಡ ಸಮಾರಂಭ, ಕೈಕೆಲಸದ ಪ್ರದರ್ಶನ. ಅದಕ್ಕೆಂದೇ ನಾನೊಂದು ವೆಲ್ಲಿಂಗ್ಟನ್ ಬಾಂಬರ್ ವಿಮಾನ ಮಾಡಿದ್ದೆ.

ಈ ಹುಚ್ಚು ಹತ್ತಿದ್ದು ಹುಬ್ಬಳ್ಳಿಯ ಹಳೇ ಸಾಮಾನಿನ ಬಜಾರಿನಲ್ಲಿ. ದೊಡ್ಡ ಯುದ್ಧದ ಕಾಲದಲ್ಲಿ, ಮೇಲೆ ಹಾರುವುದು ನಮ್ಮ ವಿಮಾನವೋ ವೈರಿಯದೋ ಎಂದು ಸಿಪಾಯಿಗಳಿಗೆ ಗುರುತು ಕಲಿಸಲು ಕಪ್ಪು ಬಣ್ಣದ ಸಣ್ಣ ವಿಮಾನಗಳನ್ನು ಮಾಡುತ್ತಿದ್ದರು. ಅಂಥದೊಂದು ನನಗೆ ಸಿಕ್ಕಿತು. ಅದನ್ನೇ ಗುರು ಮಾಡಿಕೊಂಡು, ಹಾಲವಾಣದ ಹಗುರ ಕಟ್ಟಿಗೆ ತಂದು, ಉಳಿ ಅರ ಹಿಡಿದು ಕೂತೆ.

ನನ್ನ ವೆಲ್ಲಿಂಗ್ಟನ್ನಿಗೆ ಒಂದು ವಿಶೇಷವಿತ್ತು. ಹೊಟ್ಟೆಯ ಕೆಳಗೆ ಬಾಂಬು ಬೀಳಿಸುವ ಕದ ಇಟ್ಟಿದ್ದೆ. ದಾರ ಎಳೆದರೆ ಕದ ತೆರೆದುಕೊಳ್ಳುತ್ತಿತ್ತು. ತೆಳು ಕಾಗದದಲ್ಲಿ ಗುಲಾಲು ಕಟ್ಟಿ ಗುಳಿಗೆ ಮಾಡಿ ಒಳಗೆ ತುಂಬಿ, ವಿಮಾನವನ್ನು ತಂಬಿನ ಬಾಗಿಲಿಗೆ ತೂಗುಹಾಕಿದ್ದೆ. ಸಂಜೆ ಆಟಕ್ಕೆ ಬರುವವರಲ್ಲಿ ಮೀಸೆ ತಿರುವಿದವರನ್ನು ನೋಡಿ ನೋಡಿ ದಾರ ಎಳೆಯುತ್ತಿದ್ದೆ.

ಅವತ್ತು ಗುರಿ ಇಟ್ಟದ್ದು ಒಬ್ಬ ಪೇಟೆಯ ಸಾವಕಾರನಿಗೆ. ಬಿದ್ದದ್ದು ಅವನ ಹಿಂದೆ ಬರುತ್ತಿದ್ದ ಹುಡುಗಿಯ ಹೆಗಲಿಗೆ. ಬಿಳಿ ಸೀರೆ. ಗುಲಾಲು ಹೆಗಲಿನಿಂದ ಸೊಂಟದವರೆಗೆ ಇಳಿಯಿತು.

ಬೈಗುಳಕ್ಕೆ ನಾನು ತಯಾರಾಗಿ ನಿಂತೆ. ಆಕೆ ಸೀರೆಯನ್ನು ನೋಡಿಕೊಳ್ಳಲೇ ಇಲ್ಲ. ಕುತ್ತಿಗೆ ಎತ್ತಿ ವಿಮಾನದ ಹೊಟ್ಟೆಯನ್ನು ನೋಡುತ್ತ ನಿಂತುಬಿಟ್ಟಳು. ಪೆಟ್ರೋಮ್ಯಾಕ್ಸಿನ ಬೆಳಕು ಆಕೆಯ ಗದ್ದದ ಕೆಳಗೆ ಬಿದ್ದಿತ್ತು. ಅಲ್ಲೊಂದು ಸಣ್ಣ ಮಚ್ಚೆ ಇತ್ತು. ಅದನ್ನು ನೋಡಿದ ಮೇಲೆ ನನಗೆ ಬೇರೆ ಏನೂ ಕಾಣಲಿಲ್ಲ.

"ಈ ಹೊಟ್ಟಿಯೊಳಗಿಂದ ಮನಷ್ಯಾರು ಹಾರತಿದ್ರೇನ್ರಿ?" ಎಂದು ಕೇಳಿದಳು.

ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡೆ. ಎದೆಯ ಮೇಲೆ ಕೈಯಿಟ್ಟೆ.

"ನೀವು ಹ್ಞೂಂ ಅಂದ್ರ ಈ ತಿರಕಪ್ಪ ಚಂದ್ರನ ಮ್ಯಾಲಿಂದನೂ ಹಾರತಾನ್ರಿ."

"ನಾ ನಿಮ್ಮ ಬಗ್ಗೆ ಕೇಳಲಿಲ್ಲ. ವಿಮಾನದ ಬಗ್ಗೆ ಕೇಳಿದ್ನಿ."

ಅಷ್ಟು ಹೇಳಿ, ಪಿಕ್ಚರನ್ನೂ ನೋಡದೆ, ಬಂದ ದಾರಿಯಲ್ಲೇ ಹೊರಟುಹೋದಳು.

ನಮ್ಮ ಪ್ರೊಜೆಕ್ಟರ್ ನಡೆಸುವ ಖಾಜಾಸಾಬ ವಯಸ್ಸಿನಲ್ಲಿ ನನ್ನ ಅಪ್ಪನಷ್ಟು. ಆಕೆ ಹೆಣ್ಣುಮಕ್ಕಳ ಶಾಲೆಯ ಅಕ್ಕೋರು, ಹಮ್ಮಿಗಿಯವಳು, ಇಲ್ಲಿ ಚಿಕ್ಕಮ್ಮ ಕಳಕವ್ವನ ಮನೆಯಲ್ಲಿದ್ದಾಳೆ ಎಂದು ತಿಳಿಸಿದವನು ಅವನೇ. ಬೆಳಗಾದ ಕೂಡಲೆ ಹೋಗಿ ತಪ್ಪಾಯಿತೆಂದು ಹೇಳಿ ಬಾ, ಇಲ್ಲವಾದರೆ ಊರಿನವರು ತಂಬು ಕೀಳಿಸುತ್ತಾರೆ ಎಂದು ಹೆದರಿಸಿದ.

ಹೋದೆ. ಕಳಕವ್ವ ನನ್ನ ತಪ್ಪಾಯಿತು ಎಂಬ ಮಾತನ್ನು ಪೂರ್ತಿ ಆಡಗೊಡಲಿಲ್ಲ. ಸೀರೆ, ಬುಟ್ಟಿ, ಅಂಟವಾಳಕಾಯಿ ತಂದು ಮುಂದಿಟ್ಟು, ಬಣ್ಣ ಹಾಕುವವನಿಗೆ ತೆಗೆಯುವುದೂ ಬರಬೇಕು ಎಂದಳು. ಹೀಗೆ ನಾನು ಅಂಗಳದ ಕಲ್ಲಿನ ಮೇಲೆ ಸೀರೆ ಒಗೆಯುತ್ತ ಕೂತೆ. ಸಾವಕ್ಕ ಕಟ್ಟೆಯ ಮೇಲೆ ಕೂತು ಮಕ್ಕಳ ಪಾಟಿ ತಿದ್ದುತ್ತಿದ್ದಳು. ಆಗಾಗ ಕಣ್ಣೆತ್ತಿ, "ಸೆರಗಿನ ಕಡೆ ಇನ್ನೂ ಐತಿ ನೋಡ್ರಿ" ಅನ್ನುತ್ತಿದ್ದಳು. ನಗುತ್ತಿದ್ದಳೋ ಇಲ್ಲವೋ, ಪಾಟಿ ಅಡ್ಡ ಇತ್ತು.

ಸೀರೆ ಹಿಂಡುವ ಹೊತ್ತಿಗೆ ಆಕೆಯ ಪ್ರಶ್ನೆ ಚೇಷ್ಟೆಯದಲ್ಲ ಎಂದು ನನಗೆ ಗೊತ್ತಾಯಿತು.

ಆಕೆಯ ಅಪ್ಪ ಹೊಳೆಯಪ್ಪ ಯುದ್ಧದಲ್ಲಿ ಸಿಪಾಯಿಯಾಗಿದ್ದ. ಅವನನ್ನು ಪ್ಯಾರಾಶೂಟ್ ಕಲಿಯಲು ರಾವಳಪಿಂಡಿಯ ಹತ್ತಿರ ಚಕಲಾಲಾ ಎಂಬಲ್ಲಿಗೆ ಕಳಿಸಿದ್ದರು. ಊರಿಗೆ ಬಂದ ಮೇಲೆ ಹೊಳೆಯ ದಂಡೆಯಲ್ಲಿ ಕೂತು ಅದನ್ನೇ ಹೇಳುತ್ತಿದ್ದ. ಹಳೆಯ ಬಾಂಬರ್ ವಿಮಾನದ ತಳದಲ್ಲಿ ಒಂದು ತೂತು. ಅದರ ಅಂಚಿಗೆ ಕೂತು, ಕಾಲು ಇಳಿಬಿಟ್ಟು, ಒಬ್ಬರ ಹಿಂದೆ ಒಬ್ಬರು ಕೆಳಗೆ ಬೀಳುತ್ತಿದ್ದೆವು ಎಂದು. ಊರವರು ನಂಬಲಿಲ್ಲ. ದೋಣಿಗೆ ತೂತು ಕೊರೆದು ನೀರಿಗೆ ಬಿಡುವವರು ಯಾರಾದರೂ ಇದ್ದಾರೆಯೇ, ವಿಮಾನಕ್ಕೆ ಹೇಗೆ ಕೊರೆಯುತ್ತಾರೆ ಎಂದು ಓಣಿಯ ಉಡಚಪ್ಪ ಕೇಳಿದ. ಅವನೇ ಹೆಸರನ್ನೂ ಇಟ್ಟ: ತೂತಿನ ಹೊಳೆಯಪ್ಪ. ಹೊಳೆಯಪ್ಪ ಅದಕ್ಕೂ ನಕ್ಕು, ಮತ್ತೆ ಹೇಳುತ್ತಿದ್ದ.

ಹೋದ ವರ್ಷ ಲಕ್ಷ್ಮೇಶ್ವರದಿಂದ ಸಾವಕ್ಕನನ್ನು ನೋಡಲು ಗಂಡಿನವರು ಬಂದಿದ್ದರು. ಊಟಕ್ಕೆ ಕೂತಾಗ ಗಂಡಿನ ಅಪ್ಪ, ತೂತು ದೊಡ್ಡದಿತ್ತೋ ಸಣ್ಣದಿತ್ತೋ ಎಂದು ಕೇಳಿದ. ಪಂಕ್ತಿಯೆಲ್ಲ ನಕ್ಕಿತು.

"ಅಪ್ಪ ನನ್ನ ಮಾರಿ ನೋಡಿದ," ಎಂದಳು ಸಾವಕ್ಕ. "ನಾ ಕೆಳಗ ನೋಡಿದ್ನಿ. ಆ ಸಂಬಂಧ ನಾನ ಬ್ಯಾಡಂದೆ, ಅದೇನು ದೊಡ್ಡದಲ್ಲ. ಆದ್ರ ಅವತ್ತಿನಿಂದ ಅಪ್ಪ ಆ ಮಾತ ಎತ್ತಿಲ್ಲ. ನನಗ ಅದನ್ನ ಅವನ ಬಾಯಾಗ ಮತ್ತ ಕೇಳಬೇಕಾಗೇತಿ."

ಚಕಲಾಲಾ ಈಗ ಪಾಕಿಸ್ತಾನದಲ್ಲಿದೆ. ಹೋಗಿ ಕೇಳುವಂತಿಲ್ಲ. ಜೊತೆಯವರು ಎಲ್ಲಿದ್ದಾರೋ ತಿಳಿಯದು. ಆ ವಿಮಾನದ ಹೆಸರು ಏನೆಂದು ಹೊಳೆಯಪ್ಪನಿಗೇ ಗೊತ್ತಿಲ್ಲ. ಕತ್ತಲಲ್ಲಿ ಹತ್ತಿಸುತ್ತಿದ್ದರು, ಬೆಳಗಾಗುವಾಗ ಕೆಳಗೆ ಬೀಳಿಸುತ್ತಿದ್ದರು. ಒಳಗಿನಿಂದ ಕಂಡದ್ದೆಷ್ಟೋ ಅಷ್ಟೇ.

ನಾನು ಒದ್ದೆ ಸೀರೆ ಹಿಡಿದುಕೊಂಡೇ ಎದ್ದು ನಿಂತೆ. ಈ ಬಾಂಬರಿನ ಆಣೆ, ಸತ್ಯವನ್ನು ಪಾತಾಳದಿಂದಾದರೂ ಎಳೆದು ತರುತ್ತೇನೆ ಎಂದು ಶುರು ಮಾಡಿದೆ.

"ಡೈಲಾಗ ಬ್ಯಾಡ್ರಿ," ಎಂದಳು. "ತೂತು ಹುಡುಕ್ರಿ."

ಹುಡುಕಲು ಗದಗಿನ ಒಂದು ವಾಚನಾಲಯಕ್ಕೆ ಹೋದೆ. ಯುದ್ಧದ ಕಾಲದ ಸಚಿತ್ರ ಪತ್ರಿಕೆಗಳನ್ನು ಕಟ್ಟಿ ಇಟ್ಟಿದ್ದರು. ಹಾಳೆ ತಿರುವುತ್ತ ಹೋದ ಹಾಗೆ ಒಂದು ಚಿತ್ರ ಸಿಕ್ಕಿತು. ವಿಮಾನದ ಮಗ್ಗುಲಲ್ಲಿ ದೊಡ್ಡ ಬಾಗಿಲು, ಬಾಗಿಲಿನಿಂದ ಸಿಪಾಯಿಗಳು ಒಬ್ಬೊಬ್ಬರಾಗಿ ಹಾರುತ್ತಿದ್ದಾರೆ, ಬೆನ್ನ ಮೇಲೆ ಪ್ಯಾರಾಶೂಟ್. ನನಗೆ ಕುಣಿಯುವಷ್ಟು ಖುಷಿ. ಚಿತ್ರದ ಕೆಳಗಿನ ಇಂಗ್ಲಿಷ್ ಓದಿದ್ದರೆ ಅದು ಬೇರೆಯೇ ವಿಮಾನ, ಬೇರೆಯೇ ದೇಶ ಎಂದು ತಿಳಿಯುತ್ತಿತ್ತು. ಓದುವ ವ್ಯವಧಾನ ಯಾರಿಗಿತ್ತು. ಹುಡುಗಿಗೆ ತೋರಿಸುವ ಅವಸರ. ನನ್ನ ವೆಲ್ಲಿಂಗ್ಟನ್ನಿನ ಬಾಂಬಿನ ಕದ ಮುಚ್ಚಿ, ಮಗ್ಗುಲಲ್ಲಿ ಚೊಕ್ಕ ಬಾಗಿಲು ಕೊರೆದೆ.

ಶನಿವಾರ ಶಾಲೆ ಬಿಟ್ಟ ಮೇಲೆ ಸಾವಕ್ಕನ ಜೊತೆ ಹಮ್ಮಿಗಿಯ ಬಸ್ಸು ಹತ್ತಿದೆ. ಜೊತೆಯೆಂದರೆ, ಆಕೆ ಮುಂದೆ ಹೆಂಗಸರಲ್ಲಿ, ನಾನು ಹಿಂದೆ ಆಡುಗಳಲ್ಲಿ. ಕಪ್ಪತಗುಡ್ಡ ಹಿಂದೆ ಸರಿದು ಹೊಳೆಯ ಗಾಳಿ ಬಂತು. ಆಕೆ ಒಮ್ಮೆ ಹಿಂತಿರುಗಿ, ಮೊದಲು ನನ್ನ ತೊಡೆಯ ಮೇಲಿನ ವಿಮಾನವನ್ನು, ಆಮೇಲೆ ನನ್ನನ್ನು ನೋಡಿದಳು. ಆ ಅನುಕ್ರಮ ನನಗೆ ಹಿಡಿಸಲಿಲ್ಲ. ಆದರೆ ನೋಡಿದ್ದಂತೂ ಖರೆ.

ಹೊಳೆಯಪ್ಪ ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ. ಎತ್ತರದ ಆಳು, ಮೂಗು ನಡುವೆ ಸ್ವಲ್ಪ ಸೊಟ್ಟ. ನಾನು ವಿಮಾನ ಮುಂದಿಟ್ಟು, ಪತ್ರಿಕೆಯಲ್ಲೇ ಬಂದಿದೆ, ಇನ್ನು ಊರವರು ಬಾಯಿ ಮುಚ್ಚಬೇಕು ಎಂದೆಲ್ಲ ಹೇಳಿದೆ. ಅವನು ವಿಮಾನವನ್ನು ಎತ್ತಿ ಕೆಳಗೆ ನೋಡಿದ. ಹೊಟ್ಟೆ ಮುಚ್ಚಿತ್ತು. ಮಗ್ಗುಲ ಬಾಗಿಲ ಮೇಲೆ ಬೆರಳಾಡಿಸಿದ.

"ಪುಸ್ತಕದಾಗ ಬಾಗಲಾ ಐತಿ ಅಂದ್ರ ಬಾಗಲಾನ ಇದ್ದೀತು," ಎಂದು ವಿಮಾನವನ್ನು ನನ್ನ ಕೈಗೇ ಕೊಟ್ಟ. "ವಯಸ್ಸಾತು ತಮ್ಮಾ. ನನಗ ನೆನಪು ಉಳದಿಲ್ಲ."

ಮತ್ತೆ ಹಗ್ಗ ಹೊಸೆಯತೊಡಗಿದ.

ಸಾವಕ್ಕ ನನ್ನನ್ನು ಬಸ್ಸಿನವರೆಗೆ ಕಳಿಸಲು ಬಂದಳು. ಬಸ್ಸು ಕಂಡ ಮೇಲೆ ಹೇಳಿದಳು: "ಉಡಚಪ್ಪಣ್ಣ ಇಷ್ಟು ವರ್ಷ ನಕ್ರೂ ಅಪ್ಪ ತನ್ನ ಮಾತು ತಾ ಸುಳ್ಳು ಅಂದಿದ್ದಿಲ್ಲ. ನೀವು ಒಂದ ದಿನದಾಗ ಅನಿಸಿದ್ರಿ."

ನನಗೆ ಗೊತ್ತಿದ್ದ ಪಿಕ್ಚರುಗಳಲ್ಲಿ ಇಂಥ ಹೊತ್ತಿಗೆ ಹೀರೋ ಏನಾದರೂ ಹೇಳುತ್ತಿದ್ದ. ನನಗೆ ಒಂದೂ ನೆನಪಾಗಲಿಲ್ಲ.

ತಂಬಿಗೆ ಬಂದು ಖಾಜಾಸಾಬನಿಗೆ ಎಲ್ಲ ಹೇಳಿದೆ. ಅವನು ಬಯ್ಯಲಿಲ್ಲ. ಯುದ್ಧದ ಕಾಲದಲ್ಲಿ ಪಿಕ್ಚರಿಗೆ ಮೊದಲು ಸರಕಾರದ ಯುದ್ಧದ ಸುದ್ದಿಯ ರೀಲು ತೋರಿಸಲೇಬೇಕು ಎಂದು ಕಾಯಿದೆ ಇತ್ತಂತೆ. ಅವುಗಳ ಹರಿದ ತುಂಡುಗಳನ್ನು ಅವನು ಬಿಸಾಡಿರಲಿಲ್ಲ. ಹೊಸ ರೀಲಿನ ತುದಿಗೆ ಅಂಟಿಸಲು ಬೇಕಾಗುತ್ತವೆಂದು ಒಂದು ಡಬ್ಬಿಯಲ್ಲಿ ತುಂಬಿಟ್ಟಿದ್ದ. ಡಬ್ಬಿಯನ್ನು ನನ್ನ ಮುಂದೆ ಬೋರಲು ಹಾಕಿ, ನಿನ್ನ ಹಣೆಬರಹ ಇದರಲ್ಲಿದ್ದರೆ ಹುಡುಕು ಎಂದ.

ಹುಡುಕಿದೆ. ಕುದುರೆ, ಹಡಗು, ಸಾಹೇಬರ ಟೊಪ್ಪಿಗೆ, ಮತ್ತೆ ಹಡಗು. ಕೊನೆಗೆ ಒಂದು ತುಂಡಿನಲ್ಲಿ ಆಕಾಶದ ತುಂಬ ಛತ್ರಿಗಳು. ಅದರ ಆಚೆ ತುದಿಯಲ್ಲಿ ಒಂದು ವಿಮಾನ.

ಆ ತುಂಡನ್ನು ನಾನೊಬ್ಬನೇ ನೋಡುವ ಧೈರ್ಯ ಮಾಡಲಿಲ್ಲ. ಮತ್ತೊಮ್ಮೆ ತಪ್ಪಿದರೆ? ಶಾಲೆಯ ಬಾಗಿಲಿಗೆ ಹೋಗಿ, ನೀವೇ ಬಂದು ನೋಡಿ ಎಂದು ಸಾವಕ್ಕನಿಗೆ ಹೇಳಿದೆ. ಮಧ್ಯಾಹ್ನ ಕಳಕವ್ವನನ್ನೂ ಕರೆದುಕೊಂಡು ಬಂದಳು. ಕಳಕವ್ವ ಬೆಂಚಿನ ಮೇಲೆ ಕೂತು ಖಾಜಾಸಾಬನಿಂದ ನನ್ನ ಮನೆತನ, ಬಳಗ ಎಲ್ಲ ವಿಚಾರಿಸಿಕೊಂಡಳು. ನಾವಿಬ್ಬರು ತಂಬಿನ ಬಾಯಲ್ಲಿ ಬಿಸಿಲಿಗೆ ನಿಂತೆವು. ನಾನು ತುಂಡನ್ನು ಎತ್ತಿ ಹಿಡಿದೆ. ಆಕೆ ಪ್ರೊಜೆಕ್ಟರಿನ ಹಳೆಯ ಮಸೂರವನ್ನು ಕಣ್ಣಿಗೆ ಹಿಡಿದಳು. ಇನ್ನೊಂದು ಕಣ್ಣು ಮುಚ್ಚಿದಳು. ಮಸೂರದಲ್ಲಿ ಆಕೆಯ ರೆಪ್ಪೆ ದೊಡ್ಡದಾಗಿ, ಒಂದೊಂದು ಕೂದಲೂ ಬೇರೆ ಬೇರೆ ಕಾಣುತ್ತಿತ್ತು. ಬೆರಳ ತುದಿಗೆ ಬಳಪದ ಪುಡಿ.

"ಕೈ ನಡುಗಸಬ್ಯಾಡ್ರಿ," ಎಂದಳು.

"ನಡುಗೂದು ರೀಲು."

"ರೀಲು ಯಾರ ಕೈಯಾಗೈತಿ?"

ಆಮೇಲೆ ಮಸೂರವನ್ನು ಕಣ್ಣಿಗೆ ಇನ್ನೂ ಒತ್ತಿ ಹಿಡಿದಳು. ಉಸಿರು ಹಿಡಿದದ್ದು ನನಗೆ ಕೇಳಿಸಿತು. ಮಸೂರವನ್ನು ನನಗೆ ಕೊಟ್ಟಳು. ಮೊದಲ ಚಿತ್ರದಲ್ಲಿ ವಿಮಾನದ ಹೊಟ್ಟೆಯ ಕೆಳಗೆ ಒಂದು ಕಪ್ಪು ಚುಕ್ಕೆ. ಮುಂದಿನದರಲ್ಲಿ ಚುಕ್ಕೆ ಉದ್ದವಾಗಿತ್ತು. ಅದರ ಮುಂದಿನದರಲ್ಲಿ ಅದಕ್ಕೆ ಕಾಲುಗಳಿದ್ದವು. ವಿಮಾನದ ಮಗ್ಗುಲಲ್ಲಿ ಬಾಗಿಲಿರಲಿಲ್ಲ. ಎರಡು ಎಂಜಿನು, ಎತ್ತರವಾದ ಒಂಟಿ ಬಾಲ. ನನ್ನದೇ ವೆಲ್ಲಿಂಗ್ಟನ್.

ಮತ್ತೆ ವಾಚನಾಲಯಕ್ಕೆ ಹೋದೆ. ಈ ಸಲ ಚಿತ್ರಗಳ ಕೆಳಗಿನ ಸಾಲುಗಳನ್ನು ಒಂದೂ ಬಿಡದೆ, ತಿಳಿಯದ ಕಡೆ ಅಲ್ಲಿ ಪುಸ್ತಕ ನೋಡಿಕೊಳ್ಳುವ ಮಾಸ್ತರರನ್ನು ಕೇಳಿ ಓದಿಕೊಂಡೆ. ಮೊದಮೊದಲ ವೆಲ್ಲಿಂಗ್ಟನ್ನುಗಳ ಹೊಟ್ಟೆಯ ಕೆಳಗೆ ಬಂದೂಕಿನ ಗೂಡೊಂದು ಇರುತ್ತಿತ್ತು. ಅದನ್ನು ತೆಗೆದುಬಿಟ್ಟರೆ ಆ ಜಾಗದಲ್ಲಿ ತೂತು ಉಳಿಯುತ್ತದೆ. ಹಳೆಯ ಬಾಂಬರುಗಳನ್ನು ಪ್ಯಾರಾಶೂಟ್ ಕಲಿಸಲು ಹಚ್ಚಿದವರಿಗೆ ಅದೇ ಸಾಕಾಗಿತ್ತು. ಇನ್ನೊಂದು ಚಿತ್ರದಲ್ಲಿ ಗುಂಡು ತಗಲಿ, ವಿಮಾನಕ್ಕೆ ಹೊದಿಸಿದ ಬಟ್ಟೆ ಹರಿದು, ಅದರ ಎಲುಬುಗಳು ಕಾಣುತ್ತಿದ್ದವು. ನಾನು ಕೇಳಿದ್ದಕ್ಕೆ ಮಾಸ್ತರರು ಆ ಹಾಳೆಯನ್ನು ಬಿಡಿಸಿ ಕೊಟ್ಟರು, ಮರಳಿಸುವ ಕರಾರಿನ ಮೇಲೆ.

ಇನ್ನು ಉಳಿದದ್ದು ತೂತು ಎಷ್ಟು ಅಗಲ, ಯಾವ ಆಕಾರ ಎಂಬುದು. ಅದು ಹೊಳೆಯಪ್ಪನೊಬ್ಬನಿಗೆ ಗೊತ್ತು. ಅವನು ಬಾಯಿ ಬಿಡುವುದಿಲ್ಲ.

ಮತ್ತೆ ಹಮ್ಮಿಗಿಗೆ ಹೋಗುವ ಬಸ್ಸಿನಲ್ಲಿ ಸಾವಕ್ಕನಿಗೆ ನನ್ನ ಉಪಾಯ ಹೇಳಿದೆ. ಕೇಳುವುದೇ ಬೇಡ. ಅವನ ಕಣ್ಣೆದುರು ತಪ್ಪು ಮಾಡೋಣ. ಆಕೆ ಸ್ವಲ್ಪ ಯೋಚಿಸಿ, "ತಪ್ಪು ಮಾಡೂದ್ರಾಗ ನಿಮ್ಮನ್ನ ಮೀರಿಸವರಿಲ್ಲ ಬಿಡ್ರಿ" ಎಂದಳು. ಅಂದರೆ ಒಪ್ಪಿಗೆ.

ಹೊಳೆಯಪ್ಪನ ಮನೆಯ ಮುಂದೆ ಹಗೇವು ಇತ್ತು. ನೆಲದಲ್ಲಿ ತೋಡಿದ ಜೋಳದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಮೇಲೆ ಹಾಸುಗಲ್ಲು ಮುಚ್ಚಿರುತ್ತಾರೆ. ಹೊಸ ಸುಗ್ಗಿಗೆ ಮೊದಲು ಜೋಳವನ್ನೆಲ್ಲ ತೆಗೆದು, ಕಲ್ಲು ಸರಿಸಿ ಗಾಳಿಗೆ ಬಿಟ್ಟಿದ್ದರು. ಕೆಟ್ಟ ಗಾಳಿ ಇದೆಯೇ ಎಂದು ದೀಪ ಇಳಿಬಿಟ್ಟು ನೋಡಿಯೂ ಆಗಿತ್ತು. ತಳದಲ್ಲಿ ಮೊಣಕಾಲುದ್ದ ಹೊಟ್ಟು.

ನಾನು ಅದರ ದಂಡೆಗೆ ನಿಂತು ವಿಮಾನ ಹಿಡಿದುಕೊಂಡು ತಂಬಿನ ಮುಂದೆ ಕೂಗುವ ದನಿಯಲ್ಲಿ ಶುರು ಮಾಡಿದೆ. ಉಡಚಪ್ಪ ಬಂದ, ಓಣಿಯವರು ಬಂದರು. ಪ್ಯಾರಾಶೂಟಿನವರು ತೂತಿನಿಂದ ಹೇಗೆ ಹಾರುತ್ತಿದ್ದರು ಗೊತ್ತೇ, ಬಾವಿಗೆ ಜಿಗಿಯುವ ಹಾಗೆ ಕೈ ಜೋಡಿಸಿ, ತಲೆ ಮುಂದೆ ಮಾಡಿ, ಎಂದು ಬಾಗಿ ತೋರಿಸಿದೆ. ಪಡಸಾಲೆಯಲ್ಲಿ ಹಗ್ಗ ಹೊಸೆಯುವುದು ನಿಂತಿತು. ಕೆಲವರು ಬೆನ್ನು ಕೆಳಗೆ ಮಾಡಿಯೂ ಬೀಳುತ್ತಿದ್ದರು ಎಂದೆ. ಹೊಳೆಯಪ್ಪ ಎದ್ದ.

"ಲೇ ತಮ್ಮಾ, ಯಾರು ಹೇಳಿದ್ರು ನಿನಗ? ತಲಿ ಮುಂದ ಮಾಡಿದ್ರ ಛತ್ರಿ ಹಗ್ಗ ಕೊರಳಿಗೆ ಸುತ್ತಿ ಸಾಯ್ತಿ. ಸರಿ ಅತ್ತಾಗ."

ಬಂದು ಹಗೇವಿನ ಅಂಚಿಗೆ ಕೂತ. ಕಾಲು ಒಳಗೆ ಇಳಿಬಿಟ್ಟ. ಎರಡೂ ಅಂಗೈ ದಂಡೆಗೆ ಊರಿದ. ಬೆನ್ನು ನೆಟ್ಟಗಾಯಿತು, ಗದ್ದ ಮೇಲೆದ್ದಿತು. ಅಲ್ಲಿ ಕೂತವನು ಹಗ್ಗ ಹೊಸೆಯುವ ಹೊಳೆಯಪ್ಪನಾಗಿರಲಿಲ್ಲ. ಯಾವುದೋ ದೀಪ ಹತ್ತುವುದನ್ನು ಕಾಯುವವನ ಹಾಗೆ ಎದುರಿಗೆ ದಿಟ್ಟಿಸಿದ. ಆಮೇಲೆ ಒಂದಿಷ್ಟೇ ಮುಂದಕ್ಕೆ ಜರುಗಿ, ಕೈಗಳನ್ನು ಮಗ್ಗುಲಿಗೆ ಅಂಟಿಸಿಕೊಂಡು, ಗೆರೆ ಎಳೆದಂತೆ ನೇರವಾಗಿ ಒಳಗೆ ಇಳಿದುಹೋದ. ಬಾಯಿಯ ಅಂಚಿಗೆ ಅವನ ಅಂಗಿಯೂ ತಾಗಲಿಲ್ಲ. ಕೆಳಗೆ ಹೊಟ್ಟು ಧಸಕ್ಕೆಂದಿತು.

ಇದೇನು ಮಹಾ ಎಂದ ಉಡಚಪ್ಪ. ಧೋತರ ಕಟ್ಟಿ ಕೂತ, ಜೋರಾಗಿ ಒದ್ದುಕೊಂಡು ಜಿಗಿದ. ಎದುರಿನ ಕಲ್ಲಿಗೆ ಮೂಗು ಬಡಿಯಿತು. ಒಳಗಿನಿಂದ ಅವನ ಅಯ್ಯಯ್ಯೋ ಕೇಳಿತು, ಅದರ ಹಿಂದೆಯೇ ಹೊಳೆಯಪ್ಪನ ನಗು.

"ಒದಿಕಿ ಜಾಸ್ತಿ ಆತು ಉಡಚಪ್ಪಾ. ಮೆಲ್ಲಕ ಜಾರಿದ್ರ ಬೆನ್ನಿನ ಛತ್ರಿ ಗಂಟು ಹಿಂದ ತಗಲತೈತಿ, ಜೋರ ಒದ್ರ ಮೂಗು ಮುಂದ ತಗಲತೈತಿ. ನನ್ನ ಮೂಗು ಹಿಂಗ್ಯಾಕ ಆಗೇತಿ ಅಂತ ತಿಳಕೊಂಡಿದ್ದಿ?"

ಸಾವಕ್ಕ ಹಗೇವಿನ ದಂಡೆಗೆ ಬಂದು ಮೊಣಕಾಲೂರಿ ಕೂತಳು. ಜನರೆಲ್ಲ ಇದ್ದರು. ಆಕೆ ಯಾರ ಕಡೆಯೂ ನೋಡಲಿಲ್ಲ.

"ಅಪ್ಪಾ, ವಿಮಾನದ ಒಳಗ ಹೆಂಗಿತ್ತು?"

ಹೊಳೆಯಪ್ಪ ಕೆಳಗಿನಿಂದ ಮುಖ ಎತ್ತಿದ.

"ನೀ ಕೇಳತೀಯೇನವಾ?"

"ಹೂಂ. ನಾನ ಕೇಳಾಕತ್ತೇನಿ. ಅವತ್ತ ಕೇಳಬೇಕಿತ್ತು."

ಅವನು ಅಲ್ಲಿಂದಲೇ ಹೇಳಿದ. ಹಗೇವಿನ ಹೊಟ್ಟೆಯಿಂದ ಆ ಮಾತು ದೊಡ್ಡದಾಗಿ ಮೇಲೆ ಬರುತ್ತಿತ್ತು. ಕೋಳಿ ಮುಚ್ಚುವ ಬುಟ್ಟಿಯ ಒಳಗೆ ಕೂತ ಹಾಗೆ ಇತ್ತು. ಸುತ್ತಲೂ ಕಬ್ಬಿಣದ್ದೋ ಏನೋ ಅಡ್ಡ ಉದ್ದ ಹೆಣೆದ ಜಾಳಿಗೆ. ಅದರ ಮೇಲೆ ಬರೀ ಬಟ್ಟೆ. ಗಾಳಿಗೆ ಆ ಬಟ್ಟೆ ಪಟಪಟ ಅನ್ನುತ್ತಿತ್ತು. ಎಲ್ಲರೂ ನೆಲದ ಮೇಲೆ ಕೂತಿರುತ್ತಿದ್ದೆವು. ತೂತಿನಲ್ಲಿ ಕೆಳಗೆ ಹೊಲ ಹರಿದುಹೋಗುವುದು ಕಾಣುತ್ತಿತ್ತು. ಮೊದಲನೆಯ ಸಲ ನಾನು ಕಣ್ಣು ಮುಚ್ಚಿಕೊಂಡು ಹಮ್ಮಿಗಿಯ ಹಗೇವಿಗೆ ಇಳಿಯುತ್ತಿದ್ದೇನೆ ಎಂದುಕೊಂಡೆ, ಎಂದ.

ನನ್ನ ಕಿಸೆಯಲ್ಲಿ ಬಟ್ಟೆ ಹರಿದ ವಿಮಾನದ ಚಿತ್ರವಿತ್ತು. ಒಳಗೆ ಬುಟ್ಟಿಯ ಹೆಣಿಗೆ, ಹೊರಗೆ ಬಟ್ಟೆ. ಹಾಗೆ ಇದ್ದ ಬಾಂಬರು ವೆಲ್ಲಿಂಗ್ಟನ್. ಅದನ್ನು ಹೊಳೆಯಪ್ಪನಿಗೆ ತೋರಿಸುವ ಭರದಲ್ಲಿ ನಾನೂ ಹಗೇವಿಗೆ ಹಾರಿದ್ದೇ ತಪ್ಪಾಯಿತು. ಉಡಚಪ್ಪನಿಗೆ ತಗಲಿದ ಕಲ್ಲೇ ನನಗೂ ತಗಲಿತು.

ಮೂವರನ್ನೂ ಮೇಲೆ ಎಳೆದ ಮೇಲೆ ಸಾವಕ್ಕ ನನ್ನ ಮೂಗಿಗೆ ಅರಿಶಿನ ಹಚ್ಚಿದಳು. ಒಂದು ಕೈಯಲ್ಲಿ ನನ್ನ ಗದ್ದ ಹಿಡಿದು ಮುಖ ಎತ್ತಿದ್ದಳು. ಮಚ್ಚೆ ಗೇಣು ದೂರದಲ್ಲಿತ್ತು. ಆಚೆ ಕಟ್ಟೆಯ ಮೇಲೆ ಹೊಳೆಯಪ್ಪ ಚಿತ್ರವನ್ನು ಬಿಸಿಲಿಗೆ ಹಿಡಿದು, ಉಡಚಪ್ಪನಿಗೆ ತಾನು ಯಾವ ಮಗ್ಗುಲಲ್ಲಿ ಕೂರುತ್ತಿದ್ದೆ ಎಂದು ತೋರಿಸುತ್ತಿದ್ದ. ಓಣಿಯವರು ಎದ್ದುಹೋಗಲಿಲ್ಲ. ಆಮೇಲೆ ಏನಾಯಿತು, ಆಮೇಲೆ ಏನಾಯಿತು ಎಂದು ಕೇಳುತ್ತಲೇ ಇದ್ದರು.

"ಅಪ್ಪನ ದನಿ ಕೇಳ್ರಿ," ಎಂದಳು ಸಾವಕ್ಕ, ಮೆಲ್ಲಗೆ.

ನನಗೆ ಆಕೆಯ ದನಿ ಕೇಳುತ್ತಿತ್ತು.

ತೂತು ಹಗೇವಿನ ಬಾಯಿಯಷ್ಟೇ, ಆದರೆ ತುಸು ಉದ್ದಕ್ಕೆ ಎಂದು ಹೊಳೆಯಪ್ಪ ಬೆರಳಿನಿಂದ ಮಣ್ಣಿನಲ್ಲಿ ಬರೆದು ತೋರಿಸಿದ. ನನ್ನ ಅಳತೆಗೆ ಇಳಿಸಿದರೆ ಅದು ಒಂದು ಹುಣಸೆಬೀಜದಷ್ಟು. ಹೊಸದಾಗಿ ವಿಮಾನ ಮಾಡಿದೆ. ಮಗ್ಗುಲಿನ ಬಾಗಿಲಿನದನ್ನು ಒಲೆಗೆ ಹಾಕಿದೆ. ಹುಣಸೆಬೀಜದಷ್ಟು ತೂತು ಕೊರೆಯುವ ಮೊದಲು ಉಳಿಯನ್ನು ಮೂರು ಸಲ ಮಸೆದೆ.

ನವೆಂಬರ್ ಒಂದರಂದು ಗದಗಿನ ಬೀದಿಗಳಲ್ಲಿ ತಳಿರು ತೋರಣ, ಮೆರವಣಿಗೆ. ಹಮ್ಮಿಗಿಯವರಿಗೆ ಅದು ಇನ್ನೂ ವಿಚಿತ್ರ. ನಿನ್ನೆಯವರೆಗೆ ಹೊಳೆಯ ಆಚೆಯ ದಂಡೆ ಮೈಸೂರು, ಈಚೆಯದು ಮುಂಬಯಿ. ಇವತ್ತು ಎರಡೂ ಒಂದೇ. ಹೈಸ್ಕೂಲೊಂದರ ಅಂಗಳದಲ್ಲಿ ಪ್ರದರ್ಶನ. ನನ್ನ ವೆಲ್ಲಿಂಗ್ಟನ್ನನ್ನು ಕನ್ನಡಿಯ ಮೇಲೆ ನಿಲ್ಲಿಸಿದ್ದೆ, ಹೊಟ್ಟೆ ಎಲ್ಲರಿಗೂ ಕಾಣಲೆಂದು. ಮುಂದೆ ಚೀಟಿ: ತಿಳಿಸಿದವರು ಹಮ್ಮಿಗಿಯ ಹೊಳೆಯಪ್ಪ, ಈ ವಿಮಾನದಿಂದ ಹಾರಿದವರು. ಹೊಳೆಯಪ್ಪ ತಲೆಗೆ ಪಟಗಾ ಸುತ್ತಿಕೊಂಡು ಪಕ್ಕದಲ್ಲೇ ನಿಂತ. ಜನ ಬಾಗಿ ಕನ್ನಡಿಯಲ್ಲಿ ನೋಡುತ್ತಿದ್ದರು, ನೆಟ್ಟಗಾಗಿ ಅವನನ್ನು ನೋಡುತ್ತಿದ್ದರು. ಸಂಜೆಯ ಹೊತ್ತಿಗೆ ಹೇಳಿ ಹೇಳಿ ಅವನ ದನಿ ಕೂತಿತು. ಆಗ ಉಳಿದದ್ದನ್ನು ಉಡಚಪ್ಪ ಹೇಳತೊಡಗಿದ, ತಾನೂ ಚಕಲಾಲಾದಲ್ಲಿದ್ದವನ ಹಾಗೆ.

ಸಾವಕ್ಕ ಹೈಸ್ಕೂಲಿನ ಹಿಂದಿನ ಮೆಟ್ಟಿಲ ಕಡೆಗೆ ಬಂದಳು. ನಾನು ಒಂದು ಕಾಲು ಮೇಲಿನ ಮೆಟ್ಟಿಲಿಗಿಟ್ಟು ನಿಂತಿದ್ದೆ. ಕೆಂಪು ಬಿಸಿಲು. ಮೆರವಣಿಗೆಯ ಬ್ಯಾಂಡು ಹತ್ತಿರ ಬರುತ್ತಿತ್ತು. ನಾನು ಆಕೆಯ ಕೈ ಹಿಡಿದು, ಅಳುಕದೆ ಹೇಳಿದೆ: "ಸಾವಕ್ಕ, ರಾಜ್ಯಕ್ಕ ರಾಜ್ಯನ ಒಂದಾದ ದಿನ ನಾವಿಬ್ಬರು ಬ್ಯಾರೆ ಬ್ಯಾರೆ ಇರೂದು ಕಾಯಿದೆಗೆ ವಿರುದ್ಧ." ಆಕೆ ತಲೆ ತಗ್ಗಿಸಿದಳು. ಕಾಲಬೆರಳಿನಿಂದ ನೆಲದಲ್ಲಿ ಗೆರೆ ಎಳೆದಳು. ಕೆನ್ನೆ ಕೆಂಪಾದವು.

ನೋಡಿದಿರಾ, ಹೇಗಿತ್ತು?

ಇರಲಿ ಬಿಡಿ. ಸಾವಕ್ಕ ಇದನ್ನು ಓದುತ್ತಾಳೆ, ಓದಿದ ಮೇಲೆ ನನಗೆ ಊಟ ಹಾಕಬೇಕಾದವಳೂ ಅವಳೇ. ಬ್ಯಾಂಡು ಬಾರಿಸಿದ್ದು ಖರೆ. ಮೆಟ್ಟಿಲಿನ ಮೇಲೆ ನಾನು ನಿಂತದ್ದೂ ಖರೆ. ಆ ಡೈಲಾಗನ್ನು ವಾರಗಟ್ಟಲೆ ಖಾಜಾಸಾಬನ ಮುಂದೆ ಹೇಳಿ ಹೇಳಿ ಕಲಿತಿದ್ದೆ. ಆಕೆ ಬಂದು ಎದುರಿಗೆ ನಿಂತಾಗ "ರಾಜ್ಯ" ಎಂದೆ. ಮುಂದಿನದು ಬರಲಿಲ್ಲ. ಮತ್ತೊಮ್ಮೆ "ರಾಜ್ಯ" ಎಂದೆ. ಕೈ ಹಿಡಿಯುವುದು ಹೋಗಲಿ, ನನ್ನ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯದೆ ಬೆನ್ನ ಹಿಂದೆ ಇಟ್ಟುಕೊಂಡಿದ್ದೆ.

ಸಾವಕ್ಕ ಕಾದಳು. ಶಾಲೆಯಲ್ಲಿ ಪಾಠ ಒಪ್ಪಿಸಲು ಬಾರದ ಮಕ್ಕಳನ್ನು ಕಾಯುವ ಅಕ್ಕೋರ ಹಾಗೆ, ಸಿಟ್ಟಿಲ್ಲದೆ ಕಾದಳು. ಬ್ಯಾಂಡು ಬಂದು, ದಾಟಿ, ದೂರ ಹೋಯಿತು.

"ಅಪ್ಪಗ ನಾ ನಿನ್ನೆನ ಹೇಳೇನಿ, ಲಗ್ನ ಆದ್ರ ನಿಮ್ಮನ್ನ ಆಗತೇನಿ ಅಂತ," ಎಂದಳು. ತಲೆ ತಗ್ಗಿಸಲಿಲ್ಲ, ನನ್ನನ್ನೇ ನೋಡುತ್ತಿದ್ದಳು. "ಅಪ್ಪ ಹೂಂ ಅಂದಾನ. ಕಳಕವ್ವ ಚಿಗವ್ವಗ ಮೊದ್ಲ ಗೊತ್ತಿತ್ತು. ಇನ್ನ ನಿಮ್ಮ ಅವ್ವ ಉಳದಾರ. ಅವರಿಗೆ ನೀವ ಹೇಳತೀರೋ, ಅದನ್ನೂ ನಾನ ಹೇಳಬೇಕೋ?"

ಬಯಲಾಟದ ಮಾತು, ಕಂಪನಿ ನಾಟಕದ ಮಾತು, ಮೂರು ಭಾಷೆಯ ಪಿಕ್ಚರಿನ ಮಾತು, ಎಲ್ಲ ನನ್ನ ತಲೆಯಲ್ಲಿದ್ದವು. ನನ್ನ ಜೀವನದ ಆ ಒಂದು ಗಳಿಗೆಯಲ್ಲಿ ನಾನು ಆಡಿದ ಮಾತು ಇಷ್ಟೇ:

"ನೀವ ಹೇಳ್ರಿ."

ಟಾಂಗಾ ಮಾಡಿಕೊಂಡು ಬೆಟಗೇರಿಗೆ, ಅವ್ವನ ಹತ್ತಿರ ಹೋದೆವು. ಆಕೆಯೇ ಹೇಳಿದಳು.